ಓದುಗರ ಪ್ರಶ್ನೆ: ನರ್ಸಿಂಗ್, ಪಾರಾಮೆಡಿಕಲ್ ಕಲಿಕೆಗೆ ದುಡ್ಡಿನ ದಾರಿ

ಪ್ರಶ್ನೆ: ಮಗಳು ಪ್ಲಸ್ ಟು ಪಾಸಾಗಿದ್ದಾಳೆ. ಮಂಗಳೂರಿನಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಕಲಿಯುವ ಆಸೆ. ಹಾಸ್ಟೆಲ್ ಸೇರಿ ಮೂರು ವರ್ಷಕ್ಕೆ ಮೂರೂವರೆ ಲಕ್ಷ ಬೇಕಂತೆ. ನಾವು ಮರಾಟಿ ಸಮುದಾಯದವರು. ಕರ್ನಾಟಕದ ಸ್ಕಾಲರ್‌ಶಿಪ್ ಸಿಗಬಹುದೇ? ಸಾಲಕ್ಕೆ ಜಾಗದ ಆಧಾರ ಇಡಬೇಕೇ?
– ಬದಿಯಡ್ಕದ ಓದುಗರು

ಉತ್ತರ: ಹತ್ತನೇ ತರಗತಿಯ ನಂತರದ ಕಲಿಕೆಗೆ ಸಿಗುವ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಕೊಡುವುದು ವಿದ್ಯಾರ್ಥಿಯ ಸ್ವಂತ ರಾಜ್ಯ. ಮಗಳು ಕಲಿಯುವುದು ಮಂಗಳೂರಿನಲ್ಲಾದರೂ ನಿಮ್ಮ ಅರ್ಜಿ ಕೇರಳದ ಸ್ಕಾಲರ್‌ಶಿಪ್ ಪೋರ್ಟಲ್ ಇ-ಗ್ರಾಂಟ್ಸ್‌ಗೇ ಹೋಗಬೇಕು. ಕಾಸರಗೋಡು ತಾಲೂಕಿನಲ್ಲಿ ಮರಾಟಿ ಸಮುದಾಯ ಪರಿಶಿಷ್ಟ ವರ್ಗದ ಪಟ್ಟಿಯಲ್ಲಿದೆ. ಜಾತಿ, ಆದಾಯ ಸರ್ಟಿಫಿಕೇಟುಗಳಿಗೆ ಈಗಲೇ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಡಿ.

ಸೀಟಿಗೆ ಮುಂಗಡ ಕಟ್ಟುವ ಮೊದಲು ಎರಡು ವಿಷಯ ನೋಡಲೇಬೇಕು. ಒಂದು, ಆ ಶಾಲೆಯ ಹೆಸರು ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಈ ವರ್ಷದ ಪಟ್ಟಿಯಲ್ಲಿದೆಯೇ? ಎರಡು, ಸಿಗುವುದು ಮೆರಿಟ್ ಸೀಟೋ ಮ್ಯಾನೇಜ್‌ಮೆಂಟ್ ಸೀಟೋ? ಸ್ಕಾಲರ್‌ಶಿಪ್, ಸಾಲ ಎರಡೂ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಏಜೆಂಟ್ ಬಾಯಲ್ಲಿ ಹೇಳಿದ ‘ಎಲ್ಲ ಅಪ್ರೂವಲ್ ಇದೆ’ ಎಂಬ ಮಾತು ಯಾವ ಕಚೇರಿಯಲ್ಲೂ ನಡೆಯುವುದಿಲ್ಲ. ಶಾಲೆಯ ಹೆಸರು, ಕೋರ್ಸು, ಸೀಟಿನ ಬಗೆ ಬರೆದುಕೊಂಡು ಕಾಸರಗೋಡಿನ ಟ್ರೈಬಲ್ ಡೆವಲಪ್‌ಮೆಂಟ್ ಆಫೀಸಿಗೆ ಹೋಗಿ, ಹೊರರಾಜ್ಯದ ಈ ಸೀಟಿಗೆ ಸಹಾಯ ಸಿಗುತ್ತದೆಯೇ ಎಂದು ಸೇರುವ ಮೊದಲೇ ಕೇಳಿ. ಸೇರಿದ ಮೇಲೆ ಕೇಳಿದರೆ ಉತ್ತರ ಏನೇ ಬಂದರೂ ಕಟ್ಟಿದ ದುಡ್ಡು ಹಿಂದೆ ಬರುವುದು ಕಷ್ಟ.

ಸಾಲಕ್ಕೆ ಜಾಗ ಇಡಬೇಕಾಗಿಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ನಿಮ್ಮ ಕೈಯಿಂದ ಪಾಲು ಹಾಕಬೇಕಿಲ್ಲ, 7.5 ಲಕ್ಷದವರೆಗೆ ಆಸ್ತಿಯ ಆಧಾರವೂ ಬೇಡ. ಅಪ್ಪ ಅಥವಾ ಅಮ್ಮ ಸಹ-ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ವರ್ಷವಾರು ಖರ್ಚಿನ ಪಟ್ಟಿ ಬೇಕು. ಅದರಲ್ಲಿ ಹಾಸ್ಟೆಲ್, ಯೂನಿಫಾರ್ಮ್, ಪುಸ್ತಕ, ಪರೀಕ್ಷಾ ಶುಲ್ಕ ಎಲ್ಲವನ್ನೂ ಬರೆಸಿ. ಬರೀ ಟ್ಯೂಷನ್ ಫೀಸ್ ಬರೆಸಿ ತಂದವರಿಗೆ ಎರಡನೇ ವರ್ಷ ಹಾಸ್ಟೆಲ್‌ಗೆ ದುಡ್ಡು ಕೇಳಿದರೆ ಬ್ಯಾಂಕ್ ಕೊಡುವುದಿಲ್ಲ, ಯಾಕೆಂದರೆ ಮಂಜೂರಾತಿಯಲ್ಲಿ ಅದು ಇಲ್ಲ.

ಕಂತು ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷದ ಮೇಲೆ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತದೆ. ಶೇ. 10ರ ಲೆಕ್ಕದಲ್ಲಿ ಮೊದಲ ವರ್ಷ 1.2 ಲಕ್ಷ, ಮತ್ತೆರಡು ವರ್ಷ 1.15 ಲಕ್ಷದಂತೆ ಪಡೆದರೆ, ಕಂತು ಶುರುವಾಗುವ ಹೊತ್ತಿಗೆ ಬಡ್ಡಿಯೇ 1,05,500 ರೂಪಾಯಿ ಆಗಿರುತ್ತದೆ. ಮೊದಲ ವರ್ಷ ತಿಂಗಳಿಗೆ 1,000 ರೂಪಾಯಿ ಕಟ್ಟುತ್ತಾ ಬಂದರೆ ಆ ವರ್ಷದ ಬಡ್ಡಿ ಅಲ್ಲಿಗೇ ತೀರುತ್ತದೆ. ಕಲಿಯುವಾಗಲೇ ಬಡ್ಡಿ ಕಟ್ಟುವವರಿಗೆ ಬಡ್ಡಿದರದಲ್ಲಿ ಶೇ. 1 ರಿಯಾಯಿತಿ ಕೊಡುವ ಬ್ಯಾಂಕುಗಳಿವೆ, ಕೇಳಿ ನೋಡಿ. ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಬಡ್ಡಿ ಸಹಾಯವಿದೆ ಎಂದು ಹಲವರು ನಂಬಿ ಕೂರುತ್ತಾರೆ. ಅದಕ್ಕೆ ಸಂಸ್ಥೆಗೆ ನ್ಯಾಕ್‌ನಂಥ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆಯ) ಮಾನ್ಯತೆ ಇರಬೇಕು. ಡಿಪ್ಲೊಮಾ ಮಾತ್ರ ಕಲಿಸುವ ನರ್ಸಿಂಗ್ ಶಾಲೆಯಾದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಶ್ನೆ: ಮಗ ಲ್ಯಾಬ್ ಟೆಕ್ನೀಷಿಯನ್ ಡಿಪ್ಲೊಮಾ ಕಲಿಯುತ್ತಿದ್ದಾನೆ. ಸ್ಕಾಲರ್‌ಶಿಪ್ ‘ಅಪ್ರೂವ್ಡ್’ ಎಂದಿದೆ, ದುಡ್ಡು ಬಂದಿಲ್ಲ. ನಾವು ಅಲ್ಪಸಂಖ್ಯಾತರು. ಬೇರೆ ಏನಾದರೂ ಇದೆಯೇ?
– ಮಂಜೇಶ್ವರದ ಓದುಗರು

ಉತ್ತರ: ಮೊದಲು ಮೈ ಆಧಾರ್ ಪೋರ್ಟಲಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ (ಸರ್ಕಾರದ ದುಡ್ಡು ಬರಲು ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂಬುದು) ನೋಡಿ. ಖಾತೆಗೆ ಆಧಾರ್ ನಂಬರ್ ಕೊಟ್ಟ ಮಾತ್ರಕ್ಕೆ ನೇರ ಪಾವತಿಗೆ ಸೀಡಿಂಗ್ ಆಗಿರುವುದಿಲ್ಲ. ಅದಕ್ಕೆ ಬ್ಯಾಂಕಿನಲ್ಲಿ ಬೇರೆಯೇ ಫಾರ್ಮ್ ಕೊಡಬೇಕು. ಎರಡು ಖಾತೆ ಇದ್ದರೆ ದುಡ್ಡು ಕೊನೆಗೆ ಸೀಡ್ ಆದ ಖಾತೆಗೆ ಹೋಗಿರುತ್ತದೆ. ಹಳೆಯ ಪಾಸ್‌ಬುಕ್ಕನ್ನೂ ಒಮ್ಮೆ ಪ್ರಿಂಟ್ ಹಾಕಿಸಿ ನೋಡಿ. ಇನ್ನೊಂದು ತೊಡಕು ಇನಿಷಿಯಲ್‌ನದು: ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಹಿಂದೆ ‘ಕೆ’, ಆಧಾರಿನಲ್ಲಿ ಮುಂದೆ ‘ಕೆ’, ಬ್ಯಾಂಕಿನಲ್ಲಿ ಮನೆಹೆಸರು ಪೂರ್ತಿ. ಮೂರನ್ನೂ ಎಸ್‌ಎಸ್‌ಎಲ್‌ಸಿಯಲ್ಲಿ ಇದ್ದಂತೆ ಮಾಡಿಸುವುದು ಒಳ್ಳೆಯದು.

ನರ್ಸಿಂಗ್ ಡಿಪ್ಲೊಮಾ, ಪಾರಾಮೆಡಿಕಲ್ ಕಲಿಯುವ ಅಲ್ಪಸಂಖ್ಯಾತ ಮಕ್ಕಳಿಗೆ ಕೇರಳದ ಅಲ್ಪಸಂಖ್ಯಾತ ಕಲ್ಯಾಣ ಇಲಾಖೆಯ ಮದರ್ ತೆರೇಸಾ ಸ್ಕಾಲರ್‌ಶಿಪ್ ಇದೆ, ಮೊತ್ತ 15,000 ರೂಪಾಯಿ. ಖಾತೆ ಮಗನ ಹೆಸರಿನಲ್ಲೇ ಇರಲಿ.

ಪ್ರಶ್ನೆ: ಆರು ತಿಂಗಳ ರೋಗಿ ಆರೈಕೆ ಕೋರ್ಸಿಗೆ ಸಾಲ ಕೊಡುತ್ತಾರೆಯೇ?
– ಕುಂಬಳೆಯ ಓದುಗರು

ಉತ್ತರ: ಕೋರ್ಸು ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತೆ) ಚೌಕಟ್ಟಿನದಾದರೆ ಸ್ಕಿಲ್ ಲೋನ್ ಕೇಳಬಹುದು. ಮೊದಲು 1.5 ಲಕ್ಷವಿದ್ದ ಮಿತಿಯನ್ನು 2024ರಲ್ಲಿ 7.5 ಲಕ್ಷಕ್ಕೆ ಏರಿಸಲಾಗಿದೆ. ಆದರೆ ಸಾಲ ಮಾಡುವ ಮೊದಲು ಪಂಚಾಯತಿನ ಕುಟುಂಬಶ್ರೀ ಸಿಡಿಎಸ್ ಕಚೇರಿಯಲ್ಲಿ ಡಿಡಿಯು-ಜಿಕೆವೈ (ಕೇಂದ್ರದ ಗ್ರಾಮೀಣ ಕೌಶಲ ಯೋಜನೆ) ತರಬೇತಿ ವಿಚಾರಿಸಿ. ಗ್ರಾಮೀಣ ಬಡ ಕುಟುಂಬದ 15ರಿಂದ 35 ವರ್ಷದವರಿಗೆ ಅದು ಪೂರ್ತಿ ಉಚಿತ. ಈ ಸರ್ಟಿಫಿಕೇಟಿನಿಂದ ನರ್ಸ್ ಆಗಿ ರಿಜಿಸ್ಟರ್ ಆಗಲು ಬರುವುದಿಲ್ಲ. ಬರುತ್ತದೆ ಎಂದು ಹೇಳಿ ಫೀಸ್ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.