ಆಪ್ತಸಲಹೆ ಪ್ರಕರಣ: ಉಜ್ಜಿ ಹೊಳಪು ಬರಿಸಿದ ನಾಣ್ಯ

ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಮೊದಲು ಬಂದವರು ತಾಯಿ. ಮಗನಿಗೆ 13 ವರ್ಷ. "ಮೇಡಂ, ಅವನು ಅಪ್ಪನ ಜೊತೆ ಮಾತೇ ಆಡ್ತಿಲ್ಲ. ಏನು ಕೇಳಿದ್ರೂ ಹೂಂ, ಉಹೂಂ, ಅಷ್ಟೇ" ಅಂದರು. ಓದು, ಊಟ, ನಿದ್ದೆ ಎಲ್ಲ ಸರಿಯಾಗಿದೆ. ಮೊಬೈಲ್ ಜಾಸ್ತಿ ಆಗಿದೆ, ಅದೇ ಕಾರಣ ಅಂತ ತಂದೆಯ ಲೆಕ್ಕ. ಯಾವಾಗಿನಿಂದ ಹೀಗೆ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "ಸಂಜೆ ನಾಣ್ಯ ನೋಡೋದು ನಿಂತ ಮೇಲೆ" ಅಂದರು.

ತಂದೆಗೆ ನಾಣ್ಯ ಸಂಗ್ರಹದ ಹುಚ್ಚು. ಅದು ಅವರ ತಂದೆಯಿಂದ ಬಂದದ್ದು. ವಾರಕ್ಕೆ ಎರಡು ಸಂಜೆ ಟಿವಿ ಆರಿಸಿ, ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿ, ಅಪ್ಪ ಮಗ ಭೂತಗನ್ನಡಿ ಹಿಡಿದು ಕೂರುತ್ತಿದ್ದರು. ಮಾತು ಕಡಿಮೆ. ಎಂಟು ತಿಂಗಳ ಹಿಂದೆ ಹುಡುಗ ಅಪ್ಪನಿಗೆ ಖುಷಿಯಾಗಲಿ ಅಂತ, ಅಜ್ಜನ ಕಾಲದ ಕಪ್ಪಾಗಿದ್ದ ಬೆಳ್ಳಿ ನಾಣ್ಯವೊಂದನ್ನು ಪಾಲಿಶ್ ಹಾಕಿ ಫಳಫಳ ಹೊಳೆಯುವ ಹಾಗೆ ಉಜ್ಜಿಟ್ಟ. ಸಂಗ್ರಹ ಮಾಡುವವರಿಗೆ ಇದು ಎಂಥ ಆಘಾತ ಅಂತ ಗೊತ್ತಿರುತ್ತದೆ. ಆ ಕಪ್ಪು ಕೊಳೆಯಲ್ಲ, ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ತಾಗಿ ವರ್ಷಗಟ್ಟಲೆ ನಿಧಾನಕ್ಕೆ ಕೂಡಿದ ಪದರ, ಅದನ್ನು ಉಜ್ಜಿದರೆ ಜೊತೆಗೆ ಮೇಲಿನ ಬೆಳ್ಳಿಯೂ ಸವೆಯುತ್ತದೆ, ಸಣ್ಣ ಸಣ್ಣ ಗೀರು ಬೀಳುತ್ತವೆ, ಮತ್ತೆ ಮೊದಲಿನಂತೆ ಆಗುವುದಿಲ್ಲ. ತಂದೆ ಕೂಗಾಡಿದರು. "ಇನ್ಮೇಲೆ ಮುಟ್ಟಬೇಡ" ಅಂದರು. ಹುಡುಗ ನಿಜಕ್ಕೂ ಮುಟ್ಟಲಿಲ್ಲ.

ಹುಡುಗನ ಜೊತೆ ಒಬ್ಬಳೇ ಕೂತಾಗ ಅವನು ಹೇಳಿದ್ದು ಇಷ್ಟು: "ಬೈದಿದ್ದು ಪರವಾಗಿಲ್ಲ. ಅಪ್ಪ ಆವತ್ತಿಂದ ಬೀರುವಿಗೆ ಬೀಗ ಹಾಕ್ತಾರೆ."

ತಂದೆಗೆ ಆ ಬೀಗದ ನೆನಪೇ ಇರಲಿಲ್ಲ. ಕೆಟ್ಟ ಮನುಷ್ಯರಲ್ಲ, ತಮ್ಮ ತಂದೆಯ ನೆನಪು ಹಾಳಾಯಿತು ಅನ್ನುವ ಸಂಕಟ ಅವರಿಗೆ ಇನ್ನೂ ಇತ್ತು. ಅದನ್ನು ನಾನು ಅರ್ಧ ಗಂಟೆ ಸುಮ್ನೆ ಕೇಳಿದೆ. ಆಮೇಲೆ ಒಂದು ಪ್ರಶ್ನೆ ಹಾಕಿದೆ: "ನಿಮ್ಮ ಕೈಯಿಂದ ಹಾಳಾದ ನಾಣ್ಯ ಒಂದೂ ಇಲ್ವಾ?" ತುಂಬಾ ಹೊತ್ತು ಮಾತಾಡಲಿಲ್ಲ. ಕೊನೆಗೆ ಹೇಳಿದರು, ಇಪ್ಪತ್ತರ ವಯಸ್ಸಿನಲ್ಲಿ ಗೊತ್ತಿಲ್ಲದೆ ಮೆತ್ತನೆಯ ಪಿವಿಸಿ ಕವರಿನಲ್ಲಿ ಇಟ್ಟು ಮರೆತಿದ್ದ ಹತ್ತು ಹನ್ನೆರಡು ತಾಮ್ರದ ನಾಣ್ಯಗಳಿಗೆ ಹಸಿರು ಅಂಟು ಹಿಡಿದು ಹಾಳಾಗಿದ್ದವು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಒಂದು ಡಬ್ಬಿಯಲ್ಲಿ ಹಾಕಿ ಹಿಂದೆ ತಳ್ಳಿದ್ದರು.

ಆ ಡಬ್ಬಿಯನ್ನೇ ಮಗನಿಗೆ ತೋರಿಸಿ ಅಂದೆ. ಮೊದಲು ಕ್ಷಮೆ ಕೇಳಿ, ಅದರ ಹಿಂದೆ "ಆದ್ರೆ" ಅಂತ ಸೇರಿಸಬೇಡಿ. ಪಾಲಿಶ್ ಯಾಕೆ ಹಾಕಬಾರದು ಅನ್ನುವ ಪಾಠ ಆ ದಿನ ಬೇಡವೇ ಬೇಡ. ಬೀಗ ತೆಗೆಯಿರಿ. ತೀರಾ ಅಪರೂಪದ್ದು ನಿಮ್ಮ ಆಲ್ಬಮ್‌ನಲ್ಲೇ ಇರಲಿ, ಆದರೆ ಚಲಾವಣೆಯ ಸಾಮಾನ್ಯ ನಾಣ್ಯಗಳ ಒಂದು ಪೆಟ್ಟಿಗೆ ಪೂರ್ತಿ ಅವನದೇ ಆಗಲಿ, ದೇಶದ ಪ್ರಕಾರವೋ ಇಸವಿ ಪ್ರಕಾರವೋ ಬಣ್ಣದ ಪ್ರಕಾರವೋ ಹೇಗೆ ಜೋಡಿಸಬೇಕು ಅಂತ ಅವನೇ ತೀರ್ಮಾನಿಸಲಿ, ತಪ್ಪು ಅನ್ನಿಸಿದರೂ ನೀವು ಕೈ ಹಾಕಬೇಡಿ. "ಮುಟ್ಟಬೇಡ" ಬದಲು ಹೇಗೆ ಹಿಡಿಯಬೇಕು ಅಂತ ಕಲಿಸಿ: ಅಂಚಿನಿಂದ, ಎರಡು ಬೆರಳಲ್ಲಿ, ಬಟ್ಟೆಯ ಮೇಲೆಯೇ. ಆ ಹೊತ್ತಿನಲ್ಲಿ ಶಾಲೆ, ಅಂಕ, ಮೊಬೈಲ್ ಸುದ್ದಿ ಎತ್ತಬೇಡಿ.

ಈ ಕೊನೆಯದಕ್ಕೆ ನಾನು ತುಂಬಾ ಒತ್ತು ಕೊಟ್ಟೆ. ಈ ವಯಸ್ಸಿನ ಮಕ್ಕಳಿಗೆ ಎದುರು ಕೂರಿಸಿ "ಏನಾಯ್ತು ಹೇಳು" ಅಂದರೆ ಬಾಯಿ ಕಟ್ಟುತ್ತದೆ. ಇಬ್ಬರ ಕಣ್ಣೂ ಒಂದು ಸಣ್ಣ ವಸ್ತುವಿನ ಮೇಲಿದ್ದರೆ ಮಾತು ತಾನಾಗಿ ಬರುತ್ತದೆ, ಬರದಿದ್ದರೂ ನಷ್ಟವಿಲ್ಲ.

ತಾಯಿಯನ್ನೂ ಕೇಳಿದೆ, ನೀವು ಯಾಕೆ ಕೂರುತ್ತಿರಲಿಲ್ಲ? "ಯಾರೂ ಕರೀಲಿಲ್ಲ" ಅಂದರು. ಅಪ್ಪ ಮಗನ ನಡುವೆ ಮಾತು ಸಾಗಿಸುವ ಕೆಲಸ ಬಿಟ್ಟು ಮೇಜಿಗೆ ಬನ್ನಿ ಅಂದೆ.

ಎರಡನೇ ವಾರ ತೊಡಕಾಯಿತು. ತಂದೆ ಮತ್ತೆ ಪರೀಕ್ಷೆ ತೆಗೆದುಕೊಂಡ ಹಾಗೆ ಪ್ರಶ್ನೆ ಕೇಳಿದರು, ಹುಡುಗ ಎದ್ದು ಹೋದ. ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಲ ಕೇಳುವ ಕೆಲಸ ಅವನಿಗೆ ಬಿಡಿ ಅಂದೆ. ಬಿಟ್ಟರು. ಅವನು ಕೇಳಿದ್ದು, ನಾಣ್ಯದ ಅಂಚಿನಲ್ಲಿ ಗೆರೆ ಯಾಕೆ? ಹಿಂದೆ ಚಿನ್ನ, ಬೆಳ್ಳಿ ನಾಣ್ಯದ ಅಂಚು ಕತ್ತರಿಸಿ ಲೋಹ ಕದಿಯುತ್ತಿದ್ದರು, ಗೆರೆ ಇದ್ದರೆ ಕಳವು ಕೂಡಲೇ ಕಾಣುತ್ತದೆ. ಅದೇ ಸಂಜೆ ತಾಯಿ ನಡುವೆ ತೂತಿರುವ ಜಪಾನಿನ 5 ಯೆನ್ ನಾಣ್ಯ ಹಿಡಿದು ಕೂತರು. ಅದರಲ್ಲಿ ನಮಗೆ ಪರಿಚಯದ ಅಂಕಿ ಒಂದೂ ಇರುವುದಿಲ್ಲ. ಇಸವಿಯ ಬದಲು ಅಲ್ಲಿನ ಚಕ್ರವರ್ತಿಯ ಆಳ್ವಿಕೆಯ ವರ್ಷ ಇರುತ್ತದೆ, ಹೇಸೇ ಅನ್ನುವ ಆಳ್ವಿಕೆಯ ಯುಗದ ವರ್ಷಕ್ಕೆ 1988 ಕೂಡಿಸಿದರೆ ಇಸವಿ ಸಿಗುತ್ತದೆ ಅಂತ ಮಗನೇ ಹುಡುಕಿ ಅಮ್ಮನಿಗೆ ಹೇಳಿಕೊಟ್ಟನಂತೆ.

ಈಗ ಉಜ್ಜಿದ ಬೆಳ್ಳಿ ನಾಣ್ಯವೂ ಹಸಿರು ಹಿಡಿದದ್ದೊಂದೂ ಮಗನ ಪೆಟ್ಟಿಗೆಯಲ್ಲಿ ಬೇರೆ ಬೇರೆ ಕಾಗದದ ಕವರಿನಲ್ಲಿ ಅಕ್ಕಪಕ್ಕ ಇವೆ. ಚೀಟಿ ಬರೆದದ್ದು ಅವನೇ: "ನಾನು" "ಅಪ್ಪ".

ಕಳೆದ ಭೇಟಿಯಲ್ಲಿ ತಂದೆ ಒಂದು ಸಂಜೆಯ ವಿಷಯ ಹೇಳಿದರು. ಇಪ್ಪತ್ತು ನಿಮಿಷ ಮೂವರೂ ಸುಮ್ಮನಿದ್ದರು. ಆಮೇಲೆ ಹುಡುಗ ಭೂತಗನ್ನಡಿಯಿಂದ ತಲೆ ಎತ್ತದೆಯೇ, ಗೆಳೆಯರು ಆಟಕ್ಕೆ ಸೇರಿಸಿಕೊಳ್ಳುತ್ತಿಲ್ಲ ಅಂದ. "ನಾನು ಏನೂ ಹೇಳಲಿಲ್ಲ ಮೇಡಂ, ಇನ್ನೊಂದು ನಾಣ್ಯ ಅವನ ಕಡೆ ಸರಿಸಿದೆ. ಸರಿ ಮಾಡಿದ್ನಾ?"

ಸರಿ ಮಾಡಿದ್ದೀರಿ ಅಂದೆ. ಆ ಗೆಳೆಯರ ವಿಷಯ ಮಾತಾಡಲು ಮುಂದಿನ ವಾರ ಹುಡುಗನೇ ಬರುತ್ತೇನೆ ಅಂದಿದ್ದಾನೆ.