ಟ್ಯಾಕ್ ಮಾಡುವಾಗ ಮಗಳ ದೋಣಿ ಗಾಳಿಗೆ ಎದುರಾಗಿ ನಿಂತುಬಿಡುತ್ತದೆ, ಏನು ಮಾಡಬೇಕು?

ಹತ್ತು ವರ್ಷದ ನಿಮ್ಮ ಮಗಳು ಆಪ್ಟಿಮಿಸ್ಟ್ ಎಂಬ ಮಕ್ಕಳ ಪುಟ್ಟ ಹಾಯಿದೋಣಿಯಲ್ಲಿ ಟ್ಯಾಕ್ ಮಾಡಲು, ಅಂದರೆ ಮೂತಿಯನ್ನು ಗಾಳಿಯ ದಿಕ್ಕಿನ ಮೂಲಕ ದಾಟಿಸಿ ದೋಣಿಯನ್ನು ಇನ್ನೊಂದು ಬದಿಗೆ ತಿರುಗಿಸಲು, ಹೋದಾಗಲೆಲ್ಲ ದೋಣಿ ಗಾಳಿಗೆ ಮುಖಮಾಡಿ ನಿಂತುಬಿಡುತ್ತದೆ, ಟಿಲ್ಲರನ್ನು (ಚುಕ್ಕಾಣಿ ತಿರುಗಿಸುವ ಹಿಡಿಕೋಲನ್ನು) ಇನ್ನಷ್ಟು ಜೋರಾಗಿ ತಳ್ಳಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಮಕ್ಕಳಿಗೆ ಹಾಯಿದೋಣಿ ಕಲಿಸುತ್ತಾ ನಾನು ಕಂಡುಕೊಂಡಂತೆ, ಈ ತೊಂದರೆ ಬಹುಪಾಲು ಹುಟ್ಟುವುದು ತಿರುವಿಗೆ ಮುಂಚಿನ ಕೆಲವು ಕ್ಷಣಗಳಲ್ಲಿ.

ಗಾಳಿ ಬರುವ ದಿಕ್ಕಿನ ಎರಡೂ ಬದಿಗೆ ಸುಮಾರು 45 ಡಿಗ್ರಿಯವರೆಗೆ ಹಾಯಿಗೆ ದೋಣಿಯನ್ನು ಮುಂದೊಯ್ಯುವ ಬಲ ಸಿಗುವುದಿಲ್ಲ. ಅಷ್ಟು ಅಗಲದ ಪಟ್ಟಿಯನ್ನು ದೋಣಿ ಮೊದಲೇ ಗಳಿಸಿಕೊಂಡ ವೇಗದಿಂದಲೇ ದಾಟಬೇಕು. ಆಪ್ಟಿಮಿಸ್ಟ್ ಸುಮಾರು 35 ಕಿಲೋ ತೂಕದ, ಮೊಂಡು ಮೂತಿಯ ದೋಣಿಯಾದ್ದರಿಂದ, ಎದುರಿನ ಅಲೆಯೊಂದು ಆ ಚಪ್ಪಟೆ ಮೂತಿಗೆ ಪಟ್ಟೆಂದು ಬಡಿದರೆ ಸಾಕು, ವೇಗವೆಲ್ಲ ಅಲ್ಲಿಗೇ ಮುಗಿಯುತ್ತದೆ. ಹೀಗಾಗಿ ಮಗಳು ಮೊದಲು ದೋಣಿಯನ್ನು ಮಟ್ಟವಾಗಿಟ್ಟುಕೊಂಡು, ಹಾಯಿ ಪಟಪಟಿಸದಂತೆ ಚೆನ್ನಾಗಿ ಓಡಿಸಿ, ಹೋಗಬೇಕಾದ ಕಡೆ ಬೇರೆ ದೋಣಿ ಇಲ್ಲವೆಂದು ನೋಡಿಕೊಂಡು, ಅಲೆಗಳ ನಡುವೆ ನೀರು ತುಸು ಶಾಂತವಾದ ಜಾಗಕ್ಕಾಗಿ ಕಾಯಬೇಕು.

ಟಿಲ್ಲರನ್ನು ಒಮ್ಮೆಲೇ ದೂಡಿದರೆ ಚುಕ್ಕಾಣಿಯ ಹಲಗೆ ನೀರಿಗೆ ಅಡ್ಡವಾಗಿ ನಿಂತು ಬ್ರೇಕಿನಂತಾಗುತ್ತದೆ. ಮೊದಲು ಮೆಲ್ಲಗೆ ತಳ್ಳಿ, ದೋಣಿ ತಿರುಗತೊಡಗಿದಂತೆ ಹೆಚ್ಚಿಸುತ್ತಾ ಹೋಗಬೇಕು. ಇನ್ನೊಂದು ತಪ್ಪನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ: ಬೂಮ್, ಅಂದರೆ ಹಾಯಿಯ ಕೆಳ ಅಂಚಿನ ಅಡ್ಡಕೋಲು, ತಲೆಯ ಮೇಲೆ ಬರುತ್ತಿದ್ದಂತೆ ಮಗು ಬಗ್ಗುತ್ತದೆ, ಗಾಬರಿಯಲ್ಲಿ ಟಿಲ್ಲರನ್ನು ಬಿಡುತ್ತದೆ ಅಥವಾ ನಡುವಿಗೆ ತಂದುಬಿಡುತ್ತದೆ, ತಿರುವು ಅರ್ಧಕ್ಕೇ ನಿಲ್ಲುತ್ತದೆ.

ಇದಕ್ಕೆ ಮದ್ದು ಕೈಗಳ ಅಭ್ಯಾಸ. ಮುಖ ಮುಂದಕ್ಕಿಟ್ಟುಕೊಂಡೇ ಬೂಮಿನಡಿ ನುಸುಳಿ ಆಚೆ ಬದಿಗೆ ಕುಳಿತ ಮೇಲೂ ಟಿಲ್ಲರ್ ಹಳೆಯ ಕೈಯಲ್ಲೇ, ಬೆನ್ನ ಹಿಂದೆ ಇರಲಿ. ಹೊಸ ದಿಕ್ಕಿನಲ್ಲಿ ದೋಣಿ ಸರಿಯಾಗಿ ಓಡತೊಡಗಿದ ಮೇಲೆ, ಹಾಯಿಯನ್ನು ಎಳೆಯುವ, ಸಡಿಲಿಸುವ ಶೀಟ್ ಎಂಬ ಹಗ್ಗ ಹಿಡಿದ ಕೈಯನ್ನು ಹಿಂದಕ್ಕೆ ತಂದು, ಹಗ್ಗ ಬಿಡದೆಯೇ ಟಿಲ್ಲರನ್ನೂ ಹಿಡಿಯಬೇಕು. ಆಗ ಬಿಡುವಾದ ಕೈ ಮುಂದೆ ಬಂದು ಹಗ್ಗವನ್ನು ತೆಗೆದುಕೊಳ್ಳುತ್ತದೆ. ದೋಣಿಯನ್ನು ದಡದ ಹುಲ್ಲಿನ ಮೇಲಿಟ್ಟು, ಕಣ್ಣುಮುಚ್ಚಿ ಇಪ್ಪತ್ತು ಸಲ ಮಾಡಿಸಿ. ನೀರಿನ ಮೇಲೆ ಕೈ ತಾನಾಗಿ ಹೋಗುವಷ್ಟು ರೂಢಿಯಾಗಲಿ. ಹೊಸ ಬದಿಗೆ ಬಂದ ಕೂಡಲೇ ಹಗ್ಗವನ್ನು ಒಂದು ಗೇಣಿನಷ್ಟು ಸಡಿಲಿಸಿ, ದೋಣಿ ವೇಗ ಹಿಡಿದಂತೆ ಮತ್ತೆ ಎಳೆದುಕೊಳ್ಳುವುದನ್ನೂ ಇದರ ಜೊತೆಗೇ ಕಲಿಸಿ.

ಇಷ್ಟಾಗಿಯೂ ದೋಣಿ ನಿಂತುಬಿಟ್ಟರೆ ಹೆದರುವಂಥದ್ದೇನಿಲ್ಲ. ಬೂಮನ್ನೂ ಟಿಲ್ಲರನ್ನೂ ತನ್ನಿಂದ ದೂರಕ್ಕೆ ತಳ್ಳಿ ಹಿಡಿದರೆ ದೋಣಿ ಹಿಂದಕ್ಕೆ ಸರಿಯುತ್ತಾ ಓರೆಯಾಗುತ್ತದೆ. ಗಾಳಿ ಬದಿಯಿಂದ ಬರತೊಡಗಿದೊಡನೆ ಬೂಮನ್ನು ಬಿಟ್ಟು, ಟಿಲ್ಲರನ್ನು ನಡುವಿಗೆ ತಂದು, ಹಗ್ಗವನ್ನು ನಿಧಾನವಾಗಿ ಎಳೆದರೆ ಅದು ಮತ್ತೆ ಓಡುತ್ತದೆ. ಇದನ್ನು ಟ್ಯಾಕಿಗಿಂತ ಮೊದಲೇ ಕಲಿಸಿ, ಬೇಕೆಂದೇ ದೋಣಿಯನ್ನು ನಿಲ್ಲಿಸಿ ಹತ್ತಾರು ಸಲ ಬಿಡಿಸಿಕೊಳ್ಳಲು ಹೇಳಿ. ನಿಂತ ದೋಣಿಯನ್ನು ತಾನೇ ಹೊರಡಿಸಬಲ್ಲೆನೆಂದು ತಿಳಿದ ಮಕ್ಕಳು ಟಿಲ್ಲರನ್ನು ಗಾಬರಿಯಿಂದ ದೂಡುವುದನ್ನು ನಾನು ಕಂಡದ್ದು ತೀರಾ ಕಡಿಮೆ.