ಲಾಗ್ ಬ್ಯಾಕಪ್ ಫೈಲ್ (ಡೇಟಾಬೇಸ್‌ನಲ್ಲಿ ಆದ ಬದಲಾವಣೆಗಳ ದಾಖಲೆಯ ಪ್ರತಿ) ಓದಿ, ಡೇಟಾ ಅಳಿಸಿದ್ದು ಯಾರು ಅಂತ ತಿಳಿಯಬಹುದಾ?

ತಿಳಿಯಬಹುದು, ಆದರೆ ನೋಟ್‌ಪ್ಯಾಡ್‌ನಲ್ಲಿ ಅಲ್ಲ. ನಿಮ್ಮ ದಾವಣಗೆರೆ ಎಪಿಎಂಸಿ ಅಂಗಡಿಯ ಮೆಕ್ಕೆಜೋಳದ ಲೆಕ್ಕ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶವಾದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿದೆ ಅಂದಿದ್ದೀರಿ. ಅದರಲ್ಲೇ 'ಎಫ್‌ಎನ್_ಡಂಪ್_ಡಿಬಿಲಾಗ್' ಎಂಬ ಫಂಕ್ಷನ್ ಇದೆ. ಅದು ಟಿಆರ್‌ಎನ್ ಫೈಲನ್ನು, ಅಂದರೆ ಲಾಗ್ ಬ್ಯಾಕಪ್ ಫೈಲನ್ನು, ನೇರವಾಗಿ ಓದುತ್ತದೆ. ಮೈಕ್ರೋಸಾಫ್ಟ್ ಇದಕ್ಕೆ ಅಧಿಕೃತ ವಿವರಣೆ ಕೊಟ್ಟಿಲ್ಲ. ಹಳೆಯ ಆವೃತ್ತಿಗಳಲ್ಲಿ ಇದು ಸರ್ವರ್‌ಗೆ ಹೊರೆಯಾಗುತ್ತಿತ್ತು. ಹಾಗಾಗಿ ವ್ಯಾಪಾರ ನಡೆಯುವ ಸರ್ವರ್‌ನಲ್ಲಿ ದಯವಿಟ್ಟು ಓಡಿಸಬೇಡಿ, ಬೇರೆ ಕಂಪ್ಯೂಟರ್ ಬಳಸಿ.

ಲಾಗ್‌ನಲ್ಲಿ ನೀವು ಕೊಟ್ಟ ಡಿಲೀಟ್ ಆದೇಶದ ವಾಕ್ಯ ಇರುವುದಿಲ್ಲ. ಯಾವ ಪುಟದ (ಡೇಟಾ ಇಡುವ ತುಂಡಿನ) ಯಾವ ಸಾಲಿನಲ್ಲಿ ಯಾವ ಬೈಟ್ ಬದಲಾಯಿತು ಅನ್ನುವುದಷ್ಟೇ ಇರುತ್ತದೆ. ಸಾಲು ಅಳಿಸಿದರೆ ಇಡೀ ಹಳೆಯ ಸಾಲು ಸಿಗುತ್ತದೆ. ತಿದ್ದಿದ್ದರೆ ಸಾಮಾನ್ಯವಾಗಿ ಬದಲಾದ ಭಾಗ ಮಾತ್ರ. ಅದಕ್ಕೇ ಅಪೆಕ್ಸ್‌ಎಸ್‌ಕ್ಯೂಎಲ್ ಲಾಗ್‌ನಂಥ ಖಾಸಗಿ ಟೂಲ್‌ಗಳು ಫುಲ್ ಬ್ಯಾಕಪ್ ಮತ್ತು ನಡುವಿನ ಲಾಗ್‌ಗಳನ್ನೂ ಕೇಳುತ್ತವೆ. ದುಡ್ಡು ಕೊಡಬೇಕು, ಆದರೆ ಓದುವ ರೂಪದಲ್ಲಿ ಕೊಡುತ್ತವೆ.

ಅಳಿಸಿದ ಸಮಯ ಮತ್ತು ಅಳಿಸಿದವರ ಲಾಗಿನ್, ಆ ಟ್ರಾನ್ಸಾಕ್ಷನ್ (ಒಟ್ಟಿಗೆ ನಡೆದ ಬದಲಾವಣೆಗಳ ಗುಂಪು) ಶುರುವಾದ ಲಾಗ್ ದಾಖಲೆಯಲ್ಲಿರುತ್ತವೆ. ಎಲ್ಲರೂ ಒಂದೇ ಲಾಗಿನ್ ಬಳಸುತ್ತಿದ್ದರೆ ವ್ಯಕ್ತಿ ಯಾರು ಅಂತ ಗೊತ್ತಾಗಲ್ಲ.

ಡೇಟಾ ವಾಪಸ್ ಬಂದರೆ ಸಾಕು ಅನ್ನುವುದಾದರೆ ಇಷ್ಟೆಲ್ಲ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಳಿಸಿದ್ದನ್ನು ತೋರಿಸುವ ಲಾಗ್ ದಾಖಲೆಯ ಎಲ್‌ಎಸ್‌ಎನ್, ಅಂದರೆ ಲಾಗ್‌ನ ಕ್ರಮಸಂಖ್ಯೆ, ಹಿಡಿದು 'ಸ್ಟಾಪ್‌ಬಿಫೋರ್‌ಮಾರ್ಕ್' (ಆ ಕ್ರಮಸಂಖ್ಯೆಗೆ ಮುಂಚೆ ನಿಲ್ಲು ಎಂಬ ಆಯ್ಕೆ) ಕೊಟ್ಟು ಬ್ಯಾಕಪ್‌ಗಳನ್ನು ಬೇರೆ ಹೆಸರಿನ ಡೇಟಾಬೇಸ್ ಆಗಿ ರಿಸ್ಟೋರ್ ಮಾಡಿ. ಸರಿಯಾದ ಸಮಯ ಗೊತ್ತಿದ್ದರೆ 'ಸ್ಟಾಪ್‌ಅಟ್' (ಆ ಸಮಯಕ್ಕೆ ನಿಲ್ಲು ಎಂಬ ಆಯ್ಕೆ) ಸಾಕು. ಆಮೇಲೆ ಬೇಕಾದ ಸಾಲುಗಳನ್ನು ಮಾತ್ರ ನಕಲು ಮಾಡಿಕೊಳ್ಳಿ.